ಸೆದ್ರಾಕ್ ತಂದ ರಾಯಭಾರಿಯ ಕಾರು

ಅರ್ಮೇನಿಯಾದ ಗ್ಯುಮ್ರಿ ಊರಿನ ಕ್ಷೌರಿಕ ಸೆದ್ರಾಕ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದವರು ಬೇರೆ ತೀರ್ಮಾನಕ್ಕೆ ಬರುವ ಸಂಭವವುಂಟು. ಅಲ್ಲಿಯವರೆಗೆ ಅವನು ಹೇಳಿದ್ದ ಸುಳ್ಳುಗಳೆಲ್ಲ ಕಸುಬಿಗೆ ಸಂಬಂಧಪಟ್ಟವು. ನೆತ್ತಿ ಹೊಳೆಯಲು ಶುರುವಾದವರಿಗೆ, "ಹೋದ ತಿಂಗಳಿಗಿಂತ ದಟ್ಟ ಆಗಿದೆ ಕಣಪ್ಪ" ಎನ್ನುತ್ತಿದ್ದ. ಅದನ್ನು ಸುಳ್ಳು ಎನ್ನುವವರು ಯಾರೂ ಬೋಳಾಗಿಲ್ಲ ಎಂದೇ ಅರ್ಥ.

ಅವನ ಹೆಂಡತಿ ಶುಷಾನ್‌ಗೆ ಆ ವರ್ಷದ ವಸಂತದಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆಗಿತ್ತು. ವೈದ್ಯರು ಇರುವುದು ರಾಜಧಾನಿ ಯೆರೆವಾನಿನಲ್ಲಿ. ಆಗಾಗ ಹೋಗಿ ತೋರಿಸಿಕೊಂಡು, ಅವರು ಹೇಳಿಕೊಟ್ಟ ಹಾಗೆ ಕಾಲು ಎತ್ತಿ ಇಳಿಸಿ ಬರಬೇಕು. ಗ್ಯುಮ್ರಿಯಿಂದ ಯೆರೆವಾನಿಗೆ ಹೋಗುವ ಮಿನಿಬಸ್ಸನ್ನು ಕಟ್ಟಿದವನಿಗೆ ಮನುಷ್ಯರಿಗೆ ಮಂಡಿ ಇರುತ್ತದೆ ಎಂಬುದು ತಿಳಿದಿರಲಿಲ್ಲ. ಕೊನೆಯ ಸಲ ಬರುವಾಗ ಶುಷಾನ್ ಕೂರಲಾರದೆ ನಡುದಾರಿಯ ತಾಲಿನ್ ಊರಿನಿಂದ ಮನೆಯವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಮನೆಗೆ ಬಂದವಳೇ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಸೆದ್ರಾಕ್ ಅಡುಗೆಮನೆಯಲ್ಲಿ ನಿಂತು ಚಹಾ ಕಾಯಿಸಿದ, ಅದನ್ನು ಕೊಡಲು ಧೈರ್ಯ ಸಾಲದೆ ತಾನೇ ಕುಡಿದ, ಕಾರು ಕೊಳ್ಳಬೇಕೆಂದು ಅಲ್ಲೇ ತೀರ್ಮಾನಿಸಿದ.

ಅವನಿಗೆ ಕಾರು ಓಡಿಸಲು ಬರುತ್ತಿತ್ತು. ಹಿಂದೆ ಅವನದೂ ಒಂದು ಹಳೆಯ ಕಾರಿತ್ತು. ಈಗ ಅದರಲ್ಲಿ ಪಕ್ಕದ ಹಳ್ಳಿಯವನೊಬ್ಬ ಕೋಳಿ ಸಾಕಿದ್ದಾನೆ. ಈ ಸಲ ಬೇಕಾಗಿದ್ದುದು ಒಂದೇ: ಬಗ್ಗದೆ, ಏರದೆ, ಕುರ್ಚಿಯ ಮೇಲೆ ಕೂತಂತೆ ಕೂರಲು ಬರುವ ಎತ್ತರದ ಸೀಟು. ಇದನ್ನು ಅವನು ಶುಷಾನ್‌ಗೆ ಹೇಳಲಿಲ್ಲ. ಹೇಳಿದ್ದರೆ ಅವಳು, ನನ್ನೊಂದು ಸೊಂಟಕ್ಕೆ ಇಷ್ಟೆಲ್ಲ ಯಾಕೆ, ಹೀಗೇ ನಿಂತು ಹೋಗಿ ಬರ್ತೀನಿ ಎಂದು ಅಡ್ಡ ಕೂರುತ್ತಿದ್ದಳು.

ನಮ್ಮ ಕಡೆ ಕಾರು ಬೇಕಾದವರೆಲ್ಲ ಗಡಿ ದಾಟಿ ಜಾರ್ಜಿಯಾದ ದೊಡ್ಡ ಸಂತೆಗೆ ಹೋಗುವುದು ವಾಡಿಕೆ. ಸೆದ್ರಾಕ್‌ಗೆ ಸಂತೆ ಎಂದರೆ ಹೆದರಿಕೆ. ಅಲ್ಲಿನ ರಾಜಧಾನಿ ತಿಬಿಲಿಸಿಯಲ್ಲಿದ್ದ ಒಬ್ಬ ಹಳೆಯ ಗಿರಾಕಿಯ ಮೂಲಕ ಅವನಿಗೆ ಬೊಂದೋ ಎಂಬ ಮುದುಕನ ಸುಳಿವು ಸಿಕ್ಕಿತು. ನಾಟಕಶಾಲೆಯಿಂದ ನಿವೃತ್ತನಾದವನು, ಒಬ್ಬಂಟಿ, ಕಣ್ಣು ಮಂಜಾದ್ದರಿಂದ ತನ್ನ ಜಪಾನಿ ಕಾರನ್ನು ಒಳ್ಳೆಯ ಮನೆಗೆ ಕೊಡಲು ಕಾಯುತ್ತಿದ್ದ. ಫೋನಿನಲ್ಲಿ ಸೆದ್ರಾಕ್ ಕೇಳಿದ್ದು ಸೀಟು ನೆಲದಿಂದ ಎಷ್ಟು ಎತ್ತರ ಎಂದು ಮಾತ್ರ. ಬೊಂದೋ ಹೋಗಿ ತನ್ನ ಮೊಣಕಾಲಿಗೆ ಅಳತೆ ನೋಡಿ ಬಂದು ಹೇಳಿದ. ಮಾತು ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇಲ್ಲ. ಆದರೆ ಶುಷಾನ್‌ಗೆ ಗುರ್ಗೆನ್ ಎಂಬ ತಮ್ಮನಿದ್ದ. ಅವನದು ಟೈರಿನ ಅಂಗಡಿ. ಆದ್ದರಿಂದ ಟೈರಿನ ಮೇಲೆ ನಿಲ್ಲುವ ಎಲ್ಲದರ ಬಗ್ಗೆಯೂ ಅವನೇ ಕೊನೆಯ ಮಾತು. ಒಂದು ಮಧ್ಯಾಹ್ನ ಅವನು ಕ್ಷೌರದಂಗಡಿಗೆ ಬಂದು, ಸರದಿ ಇಲ್ಲದಿದ್ದರೂ ಕುರ್ಚಿಯಲ್ಲಿ ಕೂತು, ಭಾವ ಗಡಿಯಾಚೆಯಿಂದ ಕಾರು ತರುತ್ತಾರಂತಲ್ಲ, ಯಾವ ಜಾತಿಯದು ಎಂದು ವಿಚಾರಿಸಿದ. ಆ ಕಡೆಯ ಕಾರುಗಳಲ್ಲಿ ಎರಡೇ ಜಾತಿ, ಪ್ರವಾಹದಲ್ಲಿ ಮುಳುಗಿ ಎದ್ದವು ಮತ್ತು ಎರಡು ತುಂಡಾಗಿ ಬೆಸುಗೆ ಹಾಕಿಸಿಕೊಂಡವು ಎಂದು ಅಂಗಡಿಯಲ್ಲಿದ್ದವರಿಗೆಲ್ಲ ವಿವರಿಸಿದ. ಮುಳುಗಿದ ಕಾರು ತಂದವನೊಬ್ಬ ಬಾಗಿಲು ತೆಗೆದಾಗ ಒಳಗೆ ಮೀನು ಇತ್ತಂತೆ.

"ಇದು ಸಂತೆ ಕಾರಲ್ಲ," ಎಂದ ಸೆದ್ರಾಕ್. "ಮನೆ ಕಾರು."

"ಯಾರ ಮನೆದು?"

ಅಂಗಡಿ ತುಂಬ ಜನ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವನೂ ಕಿವಿ ನೆಟ್ಟಗೆ ಮಾಡಿದ್ದ. ನಾಟಕಶಾಲೆಯ ಮುದುಕನದು ಎಂದರೆ ಗುರ್ಗೆನ್ ಬೆಸುಗೆಯ ಜೊತೆ ಬಣ್ಣವನ್ನೂ ಸೇರಿಸಿ ಒಂದು ವಾರ ಊರು ನಗಿಸುತ್ತಿದ್ದ. ಸೆದ್ರಾಕ್ ಕತ್ತಿಯನ್ನು ಚರ್ಮದ ಪಟ್ಟೆಗೆ ಉಜ್ಜುತ್ತ, ಹವಾಮಾನದ ಸುದ್ದಿ ಹೇಳುವಷ್ಟು ನಿರಾಳವಾಗಿ, "ರಾಯಭಾರಿದು" ಎಂದುಬಿಟ್ಟ.

ಯಾವ ದೇಶದ ರಾಯಭಾರಿ ಎಂದು ಗುರ್ಗೆನ್ ಕೇಳಿದ. ಗೋಡೆಯ ಟಿವಿಯಲ್ಲಿ ಕಾಲ್ಚೆಂಡಿನ ಪಂದ್ಯ ನಡೆಯುತ್ತಿತ್ತು. ಸೆದ್ರಾಕ್ ಅತ್ತ ಕಣ್ಣು ಹಾಯಿಸಿ, "ಪೋರ್ಚುಗಲ್" ಎಂದ. ಆ ಹೊತ್ತಿಗೆ ಬೇರೆ ಯಾವ ತಂಡ ಆಡುತ್ತಿದ್ದರೂ ಆ ದೇಶಕ್ಕೇ ಈ ಗೌರವ ಸಲ್ಲುತ್ತಿತ್ತು.

ಗುರ್ಗೆನ್ ಬಾಯಿ ಮುಚ್ಚಿತು. ಹದಿನಾರು ವರ್ಷದ ನಂಟಸ್ತಿಕೆಯಲ್ಲಿ ಇದೇ ಮೊದಲು. ಆ ಮೌನದ ರುಚಿಗೆ ಸೆದ್ರಾಕ್ ಮರುಳಾದ.

ಸಂಜೆಯೊಳಗೆ ಅಂಗಳದ ಸುತ್ತಲಿನ ಮನೆಯವರಿಗೆಲ್ಲ ಸುದ್ದಿ ಮುಟ್ಟಿತು. ಪಕ್ಕದ ಮನೆಯ ವಾರ್ದುಶ್ ಅಜ್ಜಿ ರಾಯಭಾರಿ ಖುದ್ದಾಗಿ ಕಾರು ಬಿಡಲು ಬರುತ್ತಾರೋ ಹೇಗೋ, ಬಂದರೆ ಎಲೆಕೋಸಿನ ಡೋಲ್ಮಾ ತಿನ್ನುತ್ತಾರೋ ಎಂದು ವಿಚಾರಿಸಿಕೊಂಡು ಹೋದಳು. ರೊಟ್ಟಿ ಸುಡುವವಳ ಬಳಿ ಸುದ್ದಿ ಇನ್ನಷ್ಟು ಉಬ್ಬಿತು: ರಾಯಭಾರಿ ಸೆದ್ರಾಕ್‌ನ ಕೈಯಲ್ಲೇ ಕ್ಷೌರ ಮಾಡಿಸಿಕೊಳ್ಳುವವನು, ಬೇರೆಯವರ ಕತ್ತಿಗೆ ಗಡ್ಡ ಕೊಡುವುದಿಲ್ಲ. ಶುಷಾನ್ ರೊಟ್ಟಿಯ ಜೊತೆ ಈ ಸುದ್ದಿಯನ್ನೂ ಮನೆಗೆ ತಂದು ಮೇಜಿನ ಮೇಲಿಟ್ಟು, ಗಂಡನ ಮುಖ ನೋಡಿದಳು. ಅವನು ಸೂಪಿಗೆ ಉಪ್ಪು ಕಡಿಮೆಯಾಗಿದೆ ಎಂದ. ಅವಳು ಉಪ್ಪಿನ ಬಟ್ಟಲು ಅವನತ್ತ ತಳ್ಳಿದಳು.

ಮರುದಿನ ಕ್ಷೌರಕ್ಕೆ ಬಂದ ಹಮಾಯಕ್‌ಗೂ ವಿಷಯ ಗೊತ್ತಾಯಿತು. ಹಮಾಯಕ್ ಗಡಿ ಠಾಣೆಯ ಸುಂಕದ ವಿಭಾಗದಲ್ಲಿ ಸಣ್ಣ ನೌಕರ. ಸ್ನೇಹಕ್ಕೆ ಜೀವ ಕೊಡುವವನು, ಬೇಡ ಎಂದರೂ ಕೊಡುವವನು. ನೀನು ಬರುವ ದಿನ ನಾನೇ ಪಾಳಿಯಲ್ಲಿ ಇರುತ್ತೇನೆ, ನಿನಗೊಂದು ತೊಂದರೆಯಾಗಲು ಬಿಡುವುದಿಲ್ಲ ಎಂದು ಮಾತು ಕೊಟ್ಟು ಹೋದ.

ಗುರುವಾರ ಸೆದ್ರಾಕ್ ತಿಬಿಲಿಸಿ ಸೇರಿದ. ಬೊಂದೋ ಬೆಟ್ಟದ ಬದಿಯ ಓಣಿಯೊಂದರಲ್ಲಿ, ದ್ರಾಕ್ಷಿ ಬಳ್ಳಿ ಹಬ್ಬಿದ ಮರದ ಜಗುಲಿಯ ಮನೆಯಲ್ಲಿದ್ದ. ತೆಳ್ಳಗೆ, ಎತ್ತರಕ್ಕೆ, ಬಿಳಿ ಮೀಸೆಯ ಮನುಷ್ಯ. ಮಾತಾಡುವಾಗ ದನಿ ಏಳುತ್ತಲೇ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಅವನು ನಾಟಕಶಾಲೆಯಲ್ಲಿ ನಟನಾಗಿರಲಿಲ್ಲ. ರಂಗದ ಅಂಚಿನ ಗುಂಡಿಯಲ್ಲಿ ಅಡಗಿ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಡುವವನಾಗಿದ್ದ. ಇಡೀ ಆಯುಸ್ಸು ರಾಜರಿಗೂ ಸೇನಾಪತಿಗಳಿಗೂ ಅವನೇ ಮಾತು ಕೊಟ್ಟ. ಚಪ್ಪಾಳೆ ಮಾತ್ರ ಅವನ ತಲೆಯ ಮೇಲಿಂದ ಹಾದುಹೋಗುತ್ತಿತ್ತು.

ಇಬ್ಬರಿಗೂ ನಡುವೆ ಇದ್ದದ್ದು ರಷ್ಯನ್ ಭಾಷೆ. ಬೊಂದೋನದು ನಾಟಕದ ರಷ್ಯನ್. ಸೆದ್ರಾಕ್‌ನದು ಶಾಲೆಯಲ್ಲಿ ಕಲಿತು ಸೇನೆಯಲ್ಲಿ ಕೆಡಿಸಿಕೊಂಡದ್ದು. ಬೊಂದೋ ಕಾರಿನ ಬಾಗಿಲು ತೆರೆದ. ಸೆದ್ರಾಕ್ ಎಂಜಿನ್ ನೋಡಲಿಲ್ಲ, ಚಕ್ರ ನೋಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ, ಎದ್ದ, ಮತ್ತೆ ಕೂತ, ಸೊಂಟ ಹಿಡಿದವಳಂತೆ ಮೆಲ್ಲಗೆ ಎದ್ದ. ಜಗುಲಿಯ ಮೇಲಿಂದ ನೋಡುತ್ತಿದ್ದ ನೆರೆಯವರಿಗೆ ಈ ಅರ್ಮೇನಿಯಾದವನು ಕಾರು ಕೊಳ್ಳುತ್ತಿದ್ದಾನೋ ನಮಾಜು ಮಾಡುತ್ತಿದ್ದಾನೋ ತಿಳಿಯಲಿಲ್ಲ. ಕೊನೆಗೆ ಅವನು ಕಣ್ಣೊರೆಸಿಕೊಂಡು ಆಗಲಿ ಎಂದ.

ಆಮೇಲೆ ಊಟ. ಬೊಂದೋ ಕಾರಿನ ಹೆಸರಿನಲ್ಲಿ ಮದ್ಯದ ಬಟ್ಟಲು ಎತ್ತಿದ, ಕಾರನ್ನು ತಯಾರಿಸಿದ ಜಪಾನಿಯರ ತಾಯಂದಿರ ಹೆಸರಿನಲ್ಲಿ ಎತ್ತಿದ, ಕಾರು ಹೋಗಿ ಸೇರುವ ಮನೆಯ ಹೆಸರಿನಲ್ಲಿ ಎತ್ತಿದ. ಮರುದಿನ ಬೆಳಗ್ಗೆ ನೋಂದಣಿ ಕಚೇರಿಯಲ್ಲಿ ಮಾರಾಟದ ಪತ್ರ ಮಾಡಿಸಿ, ಗಡಿ ದಾಟಲು ತಾತ್ಕಾಲಿಕ ಫಲಕ ಹಾಕಿಸಿ, ಡಿಕ್ಕಿಯಲ್ಲಿ ವೈನಿನ ಡಬ್ಬಿಯನ್ನೂ ವಾಲ್ನಟ್ ಪೋಣಿಸಿದ ಚುರ್ಚಖೇಲಾ ಸರಗಳನ್ನೂ ತುಂಬಿಸಿ ಬೊಂದೋ ಬೀಳ್ಕೊಟ್ಟ. ಕಾರು ಓಣಿಯ ತಿರುವು ದಾಟುವವರೆಗೂ ಅವನು ಕೈ ಎತ್ತಿಯೇ ನಿಂತಿದ್ದ.

ಗಡಿಯ ಆ ಬದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಈ ಬದಿಯಲ್ಲಿ ಹಮಾಯಕ್ ಕಾಯುತ್ತಿದ್ದ.

ಬೋಳು ಬಯಲು, ಮುಖಕ್ಕೆ ಹೊಡೆಯುವ ಗಾಳಿ, ಆಲೂಗಡ್ಡೆ ಲಾರಿಗಳ ಉದ್ದ ಸಾಲು. ಹಮಾಯಕ್ ಆ ಸಾಲಿನುದ್ದಕ್ಕೂ ಕೈ ಬೀಸುತ್ತ ಬಂದು, ದಾರಿ ಬಿಡಿ, ಪೋರ್ಚುಗಲ್ ರಾಯಭಾರಿಯ ಕಾರು ಬರುತ್ತಿದೆ ಎಂದು ಕೂಗಿದ. ಲಾರಿಯವರಲ್ಲಿ ಅರ್ಧ ಜನ ನಮ್ಮ ಊರಿನವರೇ. ಅವರಿಗೆ ವಿಷಯ ಗೊತ್ತೇ ಇತ್ತು. ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಿದರು. ಸೆದ್ರಾಕ್ ಕಿಟಕಿಯಿಂದ, ಸುಮ್ಮನಿರಪ್ಪ ಹಮಾಯಕ್ ಎಂದು ಬೇಡಿಕೊಂಡ. ಅದನ್ನು ಅವನು ವಿನಯ ಎಂದುಕೊಂಡ.

ಆ ದಿನದ ಪಾಳಿಗೆ ನೆಕ್ತಾರ್ ಎಂಬ ಅಧಿಕಾರಿ ಇದ್ದಳು. ಯೆರೆವಾನಿನಿಂದ ಹೊಸದಾಗಿ ಬಂದವಳು, ಕನ್ನಡಕದ ಮೇಲಿಂದ ನೋಡುವವಳು, ಕಾನೂನು ತಿಳಿದವಳು. ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದ್ದನ್ನು ಮರೆಯದವಳು. ಅವಳು ಸೆದ್ರಾಕ್‌ನನ್ನು ಒಳಗೆ ಕರೆದು ಕೂರಿಸಿ, ರಾಯಭಾರಿಗಳ ವಾಹನಗಳಿಗೆ ತೆರಿಗೆಯಲ್ಲಿ ವಿನಾಯಿತಿ ಇರುತ್ತದೆ, ಅಂಥ ವಾಹನ ಖಾಸಗಿಯವರ ಕೈಗೆ ಬರಬೇಕಾದರೆ ರಾಯಭಾರ ಕಚೇರಿಯ ಒಪ್ಪಿಗೆ ಪತ್ರ ಬೇಕು, ದಯವಿಟ್ಟು ಕೊಡಿ ಎಂದಳು.

ಸೆದ್ರಾಕ್ ಮಾರಾಟದ ಪತ್ರ ಕೊಟ್ಟ. ಅದರಲ್ಲಿ ಬೊಂದೋನ ಹೆಸರಿತ್ತು.

ಇವರು ಯಾರು ಎಂದು ನೆಕ್ತಾರ್ ಕೇಳಿದಳು. ಬಾಗಿಲಲ್ಲಿ ಹಮಾಯಕ್, ಹಮಾಯಕ್ ಹಿಂದೆ ನಾಲ್ಕೈದು ಲಾರಿಯವರು, ಅವರ ಹಿಂದೆ ಕತ್ತು ಚಾಚಿದ ಇನ್ನಷ್ಟು ಜನ. ಅವರಲ್ಲೊಬ್ಬ ಗುರ್ಗೆನ್ ಅಂಗಡಿಯಲ್ಲಿ ಟೈರು ಹಾಕಿಸುವವನು. ಸೆದ್ರಾಕ್ ಕೆಮ್ಮಿದ.

"ರಾಯಭಾರಿಗಳ ಕಡೆಯವರು," ಎಂದ.

ಅಂದರೆ ರಾಯಭಾರಿಯ ಕಾರನ್ನು ಮೂರನೆಯವರು ಮಾರಿದ್ದಾರೆ ಎಂದಾಯಿತು ಎಂದು ನೆಕ್ತಾರ್ ಬರೆದುಕೊಂಡಳು. ಅವಳು ಬರೆಯುವುದು ನೋಡಿ ಸೆದ್ರಾಕ್ ಬಾಗಿಲು ಹಾಕಿಸಿ, ಮೇಜಿನ ಮೇಲೆ ಬಾಗಿ, ಪಿಸುಗುಟ್ಟಿದ:

"ಮೇಡಂ, ರಾಯಭಾರಿ ಅಂತ ಯಾರೂ ಇಲ್ಲ."

ನೆಕ್ತಾರ್ ಪೆನ್ನು ಕೆಳಗಿಟ್ಟಳು. ಪತ್ರ ಕೇಳುವವರೆಗೂ ಇದ್ದ ರಾಯಭಾರಿ ಪತ್ರ ಕೇಳಿದ ಕೂಡಲೆ ಇಲ್ಲವಾಗುವುದನ್ನು ತಾನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ ಎಂದಳು. ರಾಯಭಾರಿ ಇದ್ದಾರೆ ಎಂದು ಹೊರಗಿನ ಇಷ್ಟು ಜನ ಹೇಳುತ್ತಾರೆ, ತನ್ನ ಇಲಾಖೆಯ ನೌಕರನೇ ಹೇಳುತ್ತಾನೆ, ಇಲ್ಲ ಎನ್ನುವವರು ನೀವೊಬ್ಬರೇ, ಅದೂ ಬಾಗಿಲು ಹಾಕಿಸಿ. ಹಮಾಯಕ್‌ನನ್ನು ಕರೆದು ಕೇಳಿದಳು. ಹಮಾಯಕ್ ಎದೆ ತಟ್ಟಿಕೊಂಡ.

"ಮೇಡಂ, ಇವನು ದೊಡ್ಡಸ್ತಿಕೆ ತೋರಿಸೋನಲ್ಲ, ಅದಕ್ಕೇ ಇಲ್ಲ ಅಂತಾನೆ. ರಾಯಭಾರಿ ಗಡ್ಡ ಇವನೇ ಹೆರೆಯೋದು. ನಾನು ಬೇಕಾದ್ರೆ ಬರೆದುಕೊಡ್ತೀನಿ."

ಜೀವನದಲ್ಲಿ ಮೊದಲ ಬಾರಿಗೆ ಸೆದ್ರಾಕ್‌ಗೆ ಒಬ್ಬ ಒಳ್ಳೆಯ ಸ್ನೇಹಿತನ ಕತ್ತು ಹಿಸುಕುವ ಆಸೆಯಾಯಿತು.

ಕೊನೆಗೆ ನೆಕ್ತಾರ್ ತೀರ್ಮಾನ ಹೇಳಿದಳು. ಮಾರಿದ ವ್ಯಕ್ತಿ ಖುದ್ದಾಗಿ ಬಂದು ಕಾರು ತನ್ನದೇ ಆಗಿತ್ತು ಎಂದು ಹೇಳಬೇಕು. ಇಲ್ಲದಿದ್ದರೆ ಕಾರು ಬಂದ ದಾರಿಯಲ್ಲೇ ವಾಪಸು. ಆ ದಿನ ಶುಕ್ರವಾರ. ಸೋಮವಾರ ಶುಷಾನ್ ಯೆರೆವಾನಿನಲ್ಲಿ ವೈದ್ಯರ ಮುಂದಿರಬೇಕು.

ಸೆದ್ರಾಕ್ ಹೊರಗೆ ಗಾಳಿಯಲ್ಲಿ ನಿಂತು ಬೊಂದೋಗೆ ಫೋನ್ ಮಾಡಿದ. ಸುತ್ತ ಲಾರಿಯವರು ಕಾಳಜಿಯಿಂದ ಮುತ್ತಿಕೊಂಡಿದ್ದರು. ಅವನು ಹೇಳಬೇಕಾಗಿದ್ದುದು ಇಷ್ಟು: ಇಲ್ಲಿ ನಿಮ್ಮನ್ನು ಪೋರ್ಚುಗಲ್ ರಾಯಭಾರಿ ಎಂದುಕೊಂಡಿದ್ದಾರೆ, ನೀವು ಬಂದು ಅಲ್ಲ ಎಂದು ಹೇಳಬೇಕು. ಹೇಳಿದ್ದೂ ಅದನ್ನೇ. ಆದರೆ ಜನರೆದುರು ಮರ್ಯಾದೆ ಉಳಿಸಿಕೊಳ್ಳಲು "ಅಲ್ಲ" ಎಂಬ ಒಂದು ಮಾತನ್ನು ಮಾತ್ರ ತಗ್ಗಿಸಿ ಹೇಳಿದ. ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

ಆ ಕಡೆಯಿಂದ ಬೊಂದೋ, ನನ್ನಿಂದ ಆದೀತೆ ಎಂದು ಕೇಳಿದ. ನಿಮ್ಮಿಂದ ಮಾತ್ರ ಆಗುತ್ತದೆ ಎಂದ ಸೆದ್ರಾಕ್. ಬರುತ್ತೇನೆ ಎಂದ ಬೊಂದೋ.

ಮುದುಕ ಬರುವವರೆಗಿನ ಆ ಮಧ್ಯಾಹ್ನವನ್ನು ಸೆದ್ರಾಕ್ ಸಾಯುವವರೆಗೂ ಮರೆಯಲಾರ. ಹೊಟ್ಟೆಗಿಲ್ಲದೆ ಕೂತವನನ್ನು ಲಾರಿಯವರು ಬಿಡಲಿಲ್ಲ. ಒಬ್ಬ ಲವಾಶ್ ರೊಟ್ಟಿಯಲ್ಲಿ ಒಣಮಾಂಸ ಸುತ್ತಿ ಕೊಟ್ಟ, ಇನ್ನೊಬ್ಬ ಎಂಜಿನ್ ಮೇಲೆ ಬೇಯಿಸಿದ ಆಲೂಗಡ್ಡೆ ತಂದ, ಮತ್ತೊಬ್ಬ ತನ್ನ ಕುರಿಚರ್ಮದ ಕೋಟು ಬಿಚ್ಚಿ ಹೊದಿಸಿದ. ನಾಲ್ಕನೆಯವನು ಕೊಡಲು ಏನೂ ಇಲ್ಲದೆ ತನ್ನ ಚಿಕ್ಕಪ್ಪನ ಕಾರು ಗಡಿಯಲ್ಲಿ ಎರಡು ಚಳಿಗಾಲ ನಿಂತು ಅದರಲ್ಲಿ ಗಿಡ ಹುಟ್ಟಿದ ಕಥೆ ಹೇಳಿ ಸಮಾಧಾನಪಡಿಸಿದ. ಸೆದ್ರಾಕ್ ಎಲ್ಲರಿಗೂ ಕೈಮುಗಿದು, ಮಾಡಿದ ಉಪಕಾರವನ್ನು ಬಾಯ್ತುಂಬ ತಿಂದ.

ಹೊತ್ತು ಇಳಿಯುವಾಗ ಬೊಂದೋ ಆ ಬದಿಯಲ್ಲಿ ಟ್ಯಾಕ್ಸಿ ಇಳಿದು ನಡೆದು ಬಂದ. ಮೊದಲು ಅದನ್ನು ಕಂಡವನು ಹಮಾಯಕ್. ಅವನು ತಾನೇ ತಾನಾಗಿ ಸೆಟೆದು ನಿಂತು ಸಲಾಮು ಹೊಡೆದ.

ಮುದುಕನ ಮೈಮೇಲೆ ಬಾಲವಿದ್ದ ಕರಿ ಕೋಟು, ಎದೆಗೆ ಅಡ್ಡಲಾಗಿ ನೀಲಿ ರೇಷ್ಮೆ ಪಟ್ಟಿ, ಅದರ ಮೇಲೆ ತಟ್ಟೆಯಗಲದ ಪದಕ, ಕೈಗೆ ಬಿಳಿ ಕೈಗವಸು, ಮೀಸೆಗೆ ಮೇಣ. ನಾಟಕಶಾಲೆಯ ಉಡುಪಿನ ಕೋಣೆಯವರು ಹಳೆಯ ಗೆಳೆಯನಿಗೆ ಯಾವುದನ್ನೂ ಇಲ್ಲ ಎಂದಿರಲಿಲ್ಲ. ಇಳಿಬಿಸಿಲಲ್ಲಿ ಪದಕದ ಗಾಜಿನ ಹರಳುಗಳು ಲಾರಿಯವರ ಕಣ್ಣು ಕುಕ್ಕಿದವು. ಟೋಪಿ ಇದ್ದವರು ಟೋಪಿ ತೆಗೆದರು.

ಸೆದ್ರಾಕ್ ಓಡಿ ಹೋಗಿ ತಡೆಯಬೇಕೆಂದು ಎದ್ದ, ಹೊದಿಸಿದ್ದ ಕೋಟು ಕಾಲಿಗೆ ಸುತ್ತಿಕೊಂಡಿತು. ಬೊಂದೋ ಅವನ ಪಕ್ಕದಲ್ಲಿ ಹಾಯುವಾಗ ಕಣ್ಣು ಮಿಟುಕಿಸಿ ನೇರ ನೆಕ್ತಾರ್ ಕೋಣೆಗೆ ಹೋದ. ಬಾಗಿ, ಅವಳ ಕೈಗೆ ಮುತ್ತಿಟ್ಟು, ತುಂಬುಗಂಠದಲ್ಲಿ ಏನನ್ನೋ ಹೇಳತೊಡಗಿದ. ಅದು ಸಂಗೀತ ನಾಟಕಗಳಿಂದ ಹೆಕ್ಕಿದ ಇಟಾಲಿಯನ್ ಮಾತುಗಳ ರಾಶಿ. ಪೋರ್ಚುಗೀಸ್ ಬಾರದವರಿಗೂ ಅದು ಪೋರ್ಚುಗೀಸ್ ಅಲ್ಲವೆಂದು ಗೊತ್ತಾಗುತ್ತಿತ್ತು. ನಡುನಡುವೆ ಎರಡು ಸಲ ಯಾರೋ ಸತ್ತರು, ಒಂದು ಸಲ ಮದುವೆಯಾಯಿತು. ನೆಕ್ತಾರ್ ಕೊನೆಯವರೆಗೂ ಕೇಳಿ, ಪಾಸ್‌ಪೋರ್ಟ್ ಕೇಳಿದಳು. ತೆರೆದು ನೋಡಿದಳು. ಜಾರ್ಜಿಯಾದ್ದು.

"ನಿಮ್ಮ ಕೆಲಸ?" ಎಂದು ರಷ್ಯನ್ನಿನಲ್ಲಿ ಕೇಳಿದಳು.

"ಪೋರ್ಚುಗಲ್," ಎಂದ ಬೊಂದೋ.

ನೆಕ್ತಾರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ದೇಶದ ಗಡಿಯಲ್ಲಿ ನಿಂತು ತಾನು ಪರದೇಶದ ರಾಯಭಾರಿ ಎಂದು ಹೇಳಿಕೊಳ್ಳುವುದು ಸುಂಕಕ್ಕೆ ಸಂಬಂಧಿಸಿದ ವಿಷಯವಲ್ಲ, ಪೊಲೀಸರಿಗೆ ಸಂಬಂಧಿಸಿದ್ದು ಎಂದು ಮೆತ್ತಗೆ ಹೇಳಿ ಫೋನಿಗೆ ಕೈ ಹಾಕಿದಳು.

ಬೊಂದೋನ ಮೀಸೆಯ ಮೇಣವೇ ಕರಗಿದಂತೆ ಆಯಿತು. ಅವನು ಸೆದ್ರಾಕ್ ಕಡೆ ನೋಡಿದ. ಬಾಗಿಲ ತುಂಬ ಜನ ಸೆದ್ರಾಕ್ ಕಡೆ ನೋಡಿದರು. ಸೆದ್ರಾಕ್ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ. ಮಾತು ಹೊರಡಲಿಲ್ಲ. ಮತ್ತೆ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ.

ಎದುರಿಗೆ ಒಬ್ಬ ಮನುಷ್ಯ ಮಾತು ಮರೆತು ನಿಂತಿದ್ದಾನೆ. ಬೊಂದೋಗೆ ತನ್ನ ಕಷ್ಟ ಮರೆತುಹೋಯಿತು, ಪೊಲೀಸರು ಮರೆತುಹೋದರು. ಇಂಥ ಘಟ್ಟದಲ್ಲಿ ಯಾವ ಮಾತು ಬರುತ್ತದೆ ಎಂಬುದು ಎಷ್ಟೋ ನಾಟಕಗಳಿಂದ ಅವನಿಗೆ ಬಾಯಿಪಾಠವಾಗಿತ್ತು. ತುಟಿ ಅಲುಗಿಸದೆ, ಸೆದ್ರಾಕ್‌ಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಎತ್ತಿಕೊಟ್ಟ:

"ನಾನು ಸುಳ್ಳು ಹೇಳಿದೆ."

"ನಾನು ಸುಳ್ಳು ಹೇಳಿದೆ," ಎಂದ ಸೆದ್ರಾಕ್, ಕೋಣೆಗೆಲ್ಲ ಕೇಳುವಂತೆ.

ಆಮೇಲೆ ಯಾರೂ ಎತ್ತಿಕೊಡಬೇಕಾಗಲಿಲ್ಲ. ರಾಯಭಾರಿ ಇಲ್ಲ, ಯಾವತ್ತೂ ಇರಲಿಲ್ಲ, ಟಿವಿಯಲ್ಲಿ ಪಂದ್ಯ ನಡೆಯುತ್ತಿತ್ತು, ಭಾವಮೈದುನನ ಬಾಯಿ ಮುಚ್ಚಿಸಲು ಹೇಳಿದೆ, ಈ ಹಿರಿಯರದು ಏನೂ ತಪ್ಪಿಲ್ಲ, ನಾನು ಕರೆದೆ ಎಂದು ಬಂದರು, ಕಾರು ಶೋಕಿಗಲ್ಲ ಎಂದ. "ನನ್ನ ಹೆಂಡತಿಗೆ ಸೊಂಟ ಕೊಯ್ದಿದ್ದಾರೆ ಮೇಡಂ. ಮಿನಿಬಸ್ಸಲ್ಲಿ ಕೂರಕ್ಕಾಗಲ್ಲ. ತಾಲಿನ್‌ನಿಂದ ನಿಂತ್ಕೊಂಡೇ ಬಂದ್ಲು. ಈ ಸೀಟು ಎತ್ತರ ಇದೆ. ಅಷ್ಟೇ ನಾನು ನೋಡಿದ್ದು."

ಹಮಾಯಕ್ ತಲೆ ತಗ್ಗಿಸಿ ಟೋಪಿ ತಿರುಗಿಸುತ್ತಿದ್ದ. ನೆಕ್ತಾರ್ ಫೋನು ಕೆಳಗಿಟ್ಟು, ಕಾರು ನಿಮ್ಮದೇ ಆಗಿತ್ತೇ ಎಂದು ಬೊಂದೋನನ್ನು ಕೇಳಿದಳು. ಇವತ್ತು ಬೆಳಗಿನವರೆಗೂ ಎಂದ ಬೊಂದೋ. ಹಿಂದೆ ಯಾವಾಗಲಾದರೂ ರಾಯಭಾರಿಯಾಗಿದ್ದಿರೇ ಎಂದು ಕೇಳಿದಳು.

"ಇಲ್ಲಮ್ಮ," ಎಂದ ಮುದುಕ, ಮತ್ತೆ ತನ್ನ ಸಣ್ಣ ದನಿಗೆ ಇಳಿದು. "ಜನರ ಮುಂದೆ ನಿಂತು ಮಾತಾಡಿದ್ದೇ ಇವತ್ತು ಮೊದಲು. ಚೆನ್ನಾಗಿ ಬರಲಿಲ್ಲ, ಅಲ್ವಾ?"

ನೆಕ್ತಾರ್ ಎದ್ದು ಹೊರಗೆ ಹೋದಳು. ಎಲ್ಲರೂ ಹಿಂದೆ ಹೋದರು. ಅವಳು ಕಾರಿನ ಸುತ್ತ ಬಂದು, ಎಂಜಿನ್ ಸಂಖ್ಯೆಯನ್ನು ಪತ್ರದ ಜೊತೆ ತಾಳೆ ನೋಡಿ, ಆಮೇಲೆ ಪಕ್ಕದ ಬಾಗಿಲು ತೆರೆದು ಸೀಟಿನಲ್ಲಿ ಕೂತಳು. ಎದ್ದಳು. ಮತ್ತೆ ಕೂತು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ತನ್ನ ತಾಯಿಗೂ ಮಂಡಿ ನೋವು, ಇಂಥದ್ದು ಇನ್ನೊಂದು ಎಲ್ಲಿ ಸಿಕ್ಕೀತು ಎಂದು ಬೊಂದೋನನ್ನು ವಿಚಾರಿಸಿದಳು. ಬೊಂದೋ ತನಗೆ ಗೊತ್ತಿದ್ದ ವಿಧವೆ ನಟಿಯೊಬ್ಬಳ ವಿಳಾಸ ಹೇಳಿದ.

ಸುಂಕ ಕಟ್ಟಿದ್ದಾಯಿತು, ಮುದ್ರೆ ಬಿತ್ತು. ಕಾಗದ ಕೊಡುವಾಗ ನೆಕ್ತಾರ್ ಸೆದ್ರಾಕ್‌ಗೆ, ಇನ್ನು ಯಾರಾದರೂ ಕೇಳಿದರೆ ಹೆಂಡತಿಯ ಸೊಂಟದ ಕಾರು ಎನ್ನಿ, ಅದಕ್ಕೆ ಯಾವ ಒಪ್ಪಿಗೆ ಪತ್ರವೂ ಬೇಡ ಎಂದಳು. ನಗಲಿಲ್ಲ. ಆದರೆ ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಬಂದ ಸದ್ದು ನಗುವಿನದೇ ಎಂದು ಹಮಾಯಕ್ ಇಂದಿಗೂ ಹೇಳುತ್ತಾನೆ.

ಠಾಣೆ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಲಾರಿಯವರು ಕಾರನ್ನು ತಡೆದರು. ಡಿಕ್ಕಿಯ ವೈನು ಹೊರಬಂತು. ನಾನು ಓಡಿಸಬೇಕು ಎಂದು ಸೆದ್ರಾಕ್ ಮುಟ್ಟಲಿಲ್ಲ. ಉಳಿದವರು ಅವನ ಪಾಲನ್ನೂ ನಿಭಾಯಿಸಿದರು. ಬೊಂದೋ ಪದಕದ ಸಮೇತ ನಡುವೆ ನಿಂತು ಬಟ್ಟಲು ಎತ್ತಿ, ಕೂದಲು ಕತ್ತರಿಸುವ ಈ ಮನುಷ್ಯ ನನಗೆ ಪಾತ್ರ ಕೊಟ್ಟ, ಯಾವ ನಿರ್ದೇಶಕನೂ ಕೊಡದೆ ಇದ್ದದ್ದನ್ನು ಕೊಟ್ಟ ಎಂದ. ಲಾರಿಯವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಈ ಸಲ ತಲೆಯ ಮೇಲಿಂದ ಹಾದುಹೋಗಲಿಲ್ಲ. ನೇರ ಬಂದು ಮುದುಕನ ಎದೆಗೆ ತಾಕಿತು. ಅವನು ತಿರುಗಿ ನಿಂತು ಮೀಸೆ ಒರೆಸಿಕೊಂಡ. ಸೆದ್ರಾಕ್ ಒಬ್ಬೊಬ್ಬರನ್ನೂ ತಬ್ಬಿ ಕೆನ್ನೆಗೆ ಮುತ್ತಿಟ್ಟು, ಮುದುಕನನ್ನು ತಿಬಿಲಿಸಿ ಕಡೆ ಹೊರಟ ಲಾರಿಗೆ ಹತ್ತಿಸಿದ. ಹಮಾಯಕ್‌ನನ್ನು ಎರಡು ಸಲ ತಬ್ಬಿದ, ಒಮ್ಮೆ ಕೃತಜ್ಞತೆಗೆ, ಒಮ್ಮೆ ಕತ್ತು ಹಿಸುಕಬೇಕೆಂದುಕೊಂಡದ್ದಕ್ಕೆ.

ಗ್ಯುಮ್ರಿಗೆ ಬರುವಷ್ಟರಲ್ಲಿ ಒಂದು ಲಾರಿ ಅವನಿಗಿಂತ ಮುಂಚೆ ಬಂದಿತ್ತು. ಪೋರ್ಚುಗಲ್ ರಾಯಭಾರಿ ಪದಕಗಳನ್ನೆಲ್ಲ ಧರಿಸಿ ಗಡಿಯವರೆಗೆ ನಡೆದು ಬಂದು ಸೆದ್ರಾಕ್‌ನನ್ನು ಬೀಳ್ಕೊಟ್ಟರು, ಅಧಿಕಾರಿಣಿಯ ಕೈಗೆ ಮುತ್ತಿಟ್ಟು ಕಣ್ಣೀರು ಹಾಕಿದರು ಎಂದು ಊರೆಲ್ಲ ಹರಡಿತ್ತು.

ಸೆದ್ರಾಕ್ ಈ ಸಲ ಹಟ ಹಿಡಿದ. ಅಂಗಳದಲ್ಲಿ ಕಾರು ನಿಲ್ಲಿಸಿದವನೇ ಸೇರಿದವರ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದ: ರಾಯಭಾರಿ ಸುಳ್ಳು, ಅವರು ನಾಟಕಶಾಲೆಯವರು, ಪದಕ ಗಾಜಿನದು. ಜನ ಪ್ರೀತಿಯಿಂದ ಕೇಳಿಸಿಕೊಂಡರು. ವಾರ್ದುಶ್ ಅಜ್ಜಿ ಅವನ ಕೆನ್ನೆ ಸವರಿ, ದೊಡ್ಡವರ ಸಹವಾಸ ಇದ್ದೂ ಇಷ್ಟು ಸರಳವಾಗಿ ಇರುವುದು ನಿನ್ನ ಅಮ್ಮನ ಗುಣ ಎಂದಳು. ಗುರ್ಗೆನ್ ಟೈರುಗಳಿಗೆ ಒಂದೊಂದು ಒದೆ ಕೊಟ್ಟು, ಬೆಸುಗೆ ಹುಡುಕಿ, ಸಿಗದೆ, ಭಾವನ ಕಿವಿಗೆ ಬಾಯಿಟ್ಟ.

"ಹೇಳೋ ಹಾಗಿಲ್ಲ ಅಂದ್ರೆ ಬಿಡಿ ಭಾವ. ಸರ್ಕಾರದ ವಿಷಯ. ನಂಗರ್ಥ ಆಗುತ್ತೆ."

ಸೆದ್ರಾಕ್ ಸೋತು ಮನೆಯೊಳಗೆ ಹೋದ. ಶುಷಾನ್ ಕಿಟಕಿಯ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೀನಾದರೂ ನಂಬು ಎಂದ. ಅವಳು, ನಾನು ಮೊದಲ ದಿನವೇ ನಂಬಿರಲಿಲ್ಲ, ಪೋರ್ಚುಗಲ್ ಯಾವ ದಿಕ್ಕಿಗಿದೆ ಎಂದು ನಿನಗೆ ಗೊತ್ತಿದೆಯೇ ಎಂದಳು. ಅವನು ಸ್ವಲ್ಪ ಯೋಚಿಸಿ, ಬಾಗಿಲ ಕಡೆ ಕೈ ತೋರಿಸಿದ. ಅವಳು ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕಾಗಲೆಲ್ಲ ನೋವಿಗೆ ಸೊಂಟ ಹಿಡಿದುಕೊಳ್ಳುತ್ತಿದ್ದಳು, ಈಗಲೂ ಹಿಡಿದುಕೊಂಡಳು. ಅದನ್ನು ನೋಡಿ ಅವನು ಸೀಟಿನ ವಿಷಯ ಹೇಳಿದ. ನಿನಗೋಸ್ಕರ ಎಂಬ ಮಾತು ಬಾಯಿಗೆ ಬರದೆ, ಸೀಟು ಎತ್ತರ ಇದೆ, ಸೀಟು ಎತ್ತರ ಇದೆ ಎಂದು ಮೂರು ಸಲ ಹೇಳಿದ. ಶುಷಾನ್ ಒಲೆಯ ಕಡೆ ತಿರುಗಿ ತುಂಬ ಹೊತ್ತು ಸೂಪು ಕದಡುತ್ತ ನಿಂತಳು.

ಸೋಮವಾರ ಬೆಳಗ್ಗೆ ಇಬ್ಬರೂ ಯೆರೆವಾನಿಗೆ ಹೊರಟರು. ಅವಳು ಬಾಗಿಲು ತೆರೆದು, ಕುರ್ಚಿಯ ಮೇಲೆ ಕೂತಂತೆ ಕೂತಳು, ಕಾಲು ಒಳಗೆ ತಂದುಕೊಂಡಳು. ಮುಖ ಕಿವುಚಲಿಲ್ಲ. ಸೆದ್ರಾಕ್ ದೇವರ ಮುಂದೆ ದೀಪ ಹಿಡಿದವನ ಹಾಗೆ ಕಾರನ್ನು ಓಡಿಸಿದ. ಹಳ್ಳ ಕಂಡರೆ ನಿಲ್ಲಿಸಿ, ನೋಡಿ, ಇಳಿಸಿ, ಹತ್ತಿಸಿದ. ಮಿನಿಬಸ್ಸುಗಳು ಹಾರನ್ ಹೊಡೆಯುತ್ತ ದಾಟಿಹೋದವು. ಟ್ರ್ಯಾಕ್ಟರ್ ಒಂದು ದಾಟಿಹೋಯಿತು. ಮರಾಲಿಕ್ ಊರು ದಾಟಿದ ಮೇಲೆ ಶುಷಾನ್‌ಳ ಮಾತು ನಿಂತಿತು. ತಿರುಗಿ ನೋಡಿದರೆ ತಲೆ ಒಂದು ಕಡೆ ವಾಲಿಸಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಅವಳು ಹೀಗೆ ಗಾಢವಾಗಿ ನಿದ್ದೆ ಮಾಡಿದ್ದನ್ನು ಅವನು ಆ ವರ್ಷ ಕಂಡಿರಲಿಲ್ಲ. ವೇಗ ಇನ್ನೂ ಇಳಿಸಿದ.

ತಾಲಿನ್ ಹತ್ತಿರ ಪೊಲೀಸನೊಬ್ಬ ಕೋಲು ಚಾಚಿ ನಿಲ್ಲಿಸಿದ. ಹಿಂದೆ ಮೈಲುದ್ದ ವಾಹನಗಳು ಗದ್ದಲ ಮಾಡುತ್ತಿದ್ದವು. ಪೊಲೀಸ ಸಿಟ್ಟಿನಿಂದ ಕಿಟಕಿಗೆ ಬಂದು, ಗಾಡಿಗೆ ಏನು ರೋಗ ಬಂದಿದೆ ಎಂದು ಗದರಿದ.

ಸೆದ್ರಾಕ್ ತುಟಿಗೆ ಬೆರಳಿಟ್ಟ.

"ಗಾಡಿಗೇನೂ ಆಗಿಲ್ಲ ಮಗಾ," ಎಂದ ಮೆಲ್ಲಗೆ. "ಹೆಂಡತಿ ಮಲಗಿದ್ದಾಳೆ."

ಪೊಲೀಸ ಬಾಗಿ ಒಳಗೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತುದಿಗಾಲಲ್ಲಿ ನಡೆದು ಹೋಗಿ ರಸ್ತೆಯ ನಡುವೆ ನಿಂತು, ಹಿಂದಿದ್ದ ಲಾರಿಗಳನ್ನೂ ಬಸ್ಸುಗಳನ್ನೂ ಕೈ ಎತ್ತಿ ತಡೆದ. ಹಾರನ್ ಒತ್ತಿದವನ ಕಡೆ ಕೋಲು ತೋರಿಸಿ ಕಣ್ಣು ಕೆರಳಿಸಿದ. ಮತ್ತೆ ಸೆದ್ರಾಕ್ ಕಡೆ ತಿರುಗಿ, ನಿಧಾನವಾಗಿಯೇ ಹೋಗಿ ಎಂದು ಅಂಗೈಯಿಂದ ಸನ್ನೆ ಮಾಡಿದ.